ಕಲಿಸುವವರಿಗೆ ಕಲಿಸಿದ ಕ್ರಮ: ಕರ್ಮಶಾಲೆಯ ಬೋಧನವಿಧಾನದ ಇತಿಹಾಸ

೧

ಒಂದು ಕೆಲಸವನ್ನು ಚೆನ್ನಾಗಿ ಬಲ್ಲವನು ಅದನ್ನು ಚೆನ್ನಾಗಿ ಕಲಿಸಲೂ ಬಲ್ಲನೆಂಬ ನಂಬಿಕೆಯು ಲೋಕದಲ್ಲಿ ಬಹುಕಾಲದಿಂದ ಬೇರೂರಿರುವುದು. ನುರಿತ ಕಮ್ಮಾರನ ಬಳಿ ಹುಡುಗನನ್ನು ಬಿಟ್ಟರೆ ಕೆಲವು ವರ್ಷಗಳಲ್ಲಿ ಅವನೂ ಕಮ್ಮಾರನಾಗುವನು. ಆಗದಿದ್ದರೆ ಹುಡುಗನು ಮಂದಬುದ್ಧಿ, ಅಥವಾ ಅವನ ಹಣೆಯಲ್ಲಿ ಆ ವಿದ್ಯೆಯನ್ನು ಬರೆದಿಲ್ಲ. ಕಲಿಸಿದವನ ಮೇಲೆ ತಪ್ಪು ಹೊರಿಸುವ ವಾಡಿಕೆ ಇಲ್ಲ. ಅಧ್ಯಯನ, ಅಧ್ಯಾಪನ ಎಂಬ ಎರಡು ಮಾತುಗಳನ್ನು ಶಾಸ್ತ್ರಕಾರರು ಬೇರೆಬೇರೆಯಾಗಿಯೇ ಎಣಿಸಿದ್ದಾರೆ. ಆದರೆ ಕೈಗೆಲಸದ ಕ್ಷೇತ್ರದಲ್ಲಿ ಈ ಎರಡರ ಭೇದವನ್ನು ಕಂಡುಕೊಂಡು, ಕಲಿಸುವುದನ್ನೇ ಒಂದು ಕಸಬೆಂದು ತಿಳಿದು, ಆ ಕಸಬನ್ನು ಸಾಮಾನ್ಯ ಮೇಸ್ತ್ರಿಗೂ ಕಲಿಸಿಕೊಡುವ ವ್ಯಾಪಕವಾದ ಏರ್ಪಾಡು ಹುಟ್ಟಿದುದು ಇಪ್ಪತ್ತನೆಯ ಶತಮಾನದಲ್ಲಿ; ಅದೂ ಎರಡು ಮಹಾಯುದ್ಧಗಳ ಒತ್ತಡಕ್ಕೆ ಸಿಕ್ಕಿದ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ. ಆ ಏರ್ಪಾಡಿನ ಪೂರ್ವೋತ್ತರಗಳನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಬಲ್ಲವನಿಗೂ ಕಲಿಸುವವನಿಗೂ ಇರುವ ಅಂತರವು ಪ್ರಾಚೀನರಿಗೆ ತಿಳಿಯದ ವಿಷಯವಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತ ಎಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಅಗ್ನಿಮಿತ್ರನ ಎದುರಿನಲ್ಲಿ ಜಗಳವಾಡುವರಷ್ಟೆ. ಆಗ ತೀರ್ಪುಗಾರಳಾದ ಪರಿವ್ರಾಜಿಕೆಯು ಒಂದು ತೂಕದ ಮಾತನ್ನು ಹೇಳುತ್ತಾಳೆ. ಅದರ ಭಾವವಿಷ್ಟು: ಕೆಲವರಲ್ಲಿ ವಿದ್ಯೆಯು ತಮ್ಮೊಳಗೇ ಸೊಗಸಾಗಿ ನೆಲೆಗೊಂಡಿರುತ್ತದೆ, ಮತ್ತೆ ಕೆಲವರಿಗೆ ಅದನ್ನು ಬೇರೊಬ್ಬರಿಗೆ ದಾಟಿಸುವ ಶಕ್ತಿ ವಿಶೇಷವಾಗಿರುತ್ತದೆ, ಎರಡೂ ಉಳ್ಳವನನ್ನೇ ಶಿಕ್ಷಕರ ಸಾಲಿನ ತಲೆಯಲ್ಲಿಡಬೇಕು. ಪರೀಕ್ಷೆಯೂ ಅದಕ್ಕೆ ತಕ್ಕಂತೆಯೇ ಏರ್ಪಡುತ್ತದೆ. ರಂಗವನ್ನೇರಿ ಕುಣಿಯತಕ್ಕವರು ಆಚಾರ್ಯರಲ್ಲ, ಅವರ ಶಿಷ್ಯೆಯರು. ಗುರುವಿನ ಯೋಗ್ಯತೆಯನ್ನು ಶಿಷ್ಯನ ಕೈಯಲ್ಲಿ ಅಳೆಯಬೇಕೆಂಬ ತತ್ತ್ವವು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಆದರೆ ಅದೇ ನಾಟಕದಲ್ಲಿ ಮತ್ತೊಂದು ಭಾವನೆಯೂ ಇರುವುದನ್ನು ಮರೆಯಲಾಗದು. ಒಳ್ಳೆಯ ಪಾತ್ರದಲ್ಲಿಟ್ಟ ವಿದ್ಯೆಯೇ ಬೆಳಗತಕ್ಕದ್ದು. ಅಯೋಗ್ಯ ಶಿಷ್ಯನನ್ನು ಆರಿಸಿಕೊಂಡುದು ಗುರುವಿನ ಅವಿವೇಕ. ಎಂದರೆ, ಗುರುವಿಗೆ ಶಿಷ್ಯನನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಂಟು. ಮಾಲವಿಕೆಯಂಥವಳು ದೊರೆತರೆ ಗಣದಾಸನಿಗೆ ಜಯ. ಮಾಲವಿಕೆಯಲ್ಲದ ಸಾವಿರಾರು ಮಂದಿ, ತಮ್ಮ ಇಚ್ಛೆಯಿಂದಲೂ ಅಲ್ಲದೆ ದೇಶದ ಅಗತ್ಯದಿಂದ ಬಂದು ಬಾಗಿಲಲ್ಲಿ ನಿಂತಾಗ ಗುರುವು ಏನು ಮಾಡಬೇಕು? ಈ ಪ್ರಶ್ನೆಯನ್ನು ರಾಜಸಭೆಯ ನಾಟ್ಯಶಾಲೆಯು ಕೇಳಬೇಕಾಗಿರಲಿಲ್ಲ. ಹಡಗಿನ ಕಾರ್ಖಾನೆಯು ಕೇಳಬೇಕಾಯಿತು.

೨

ಕಾರ್ಖಾನೆಯ ಕಾಲಕ್ಕೆ ಬರುವ ಮೊದಲು, ಕೈಕಸಬಿನ ಶಿಕ್ಷಣವನ್ನು ಧರ್ಮಶಾಸ್ತ್ರವು ಹೇಗೆ ಕಂಡಿತೆಂಬುದನ್ನು ನೋಡಬೇಕು. ನಾರದಸ್ಮೃತಿಯಲ್ಲಿ ಅಂತೇವಾಸಿಯ ಪ್ರಕರಣವೊಂದಿದೆ. ತನ್ನ ಶಿಲ್ಪವನ್ನು ಕಲಿಯಲಿಚ್ಛಿಸುವವನು ಬಂಧುಗಳ ಒಪ್ಪಿಗೆಯನ್ನು ಪಡೆದು, ಇಷ್ಟು ಕಾಲವೆಂದು ಗೊತ್ತುಮಾಡಿಕೊಂಡು, ಆಚಾರ್ಯನ ಮನೆಯಲ್ಲಿ ವಾಸಿಸಬೇಕು. ಆಚಾರ್ಯನು ಅವನಿಗೆ ತನ್ನ ಮನೆಯಲ್ಲೇ ಊಟವಿಟ್ಟು ಕಲಿಸಬೇಕು, ಬೇರೆ ಕೆಲಸವನ್ನು ಮಾಡಿಸಕೂಡದು, ಮಗನಂತೆ ನಡೆಸಿಕೊಳ್ಳಬೇಕು. ದೋಷವಿಲ್ಲದ ಆಚಾರ್ಯನನ್ನು ಬಿಟ್ಟುಹೋದ ಶಿಷ್ಯನನ್ನು ಬಲಾತ್ಕಾರದಿಂದಲಾದರೂ ಮರಳಿ ನಿಲ್ಲಿಸಬಹುದು. ಯಾಜ್ಞವಲ್ಕ್ಯಸ್ಮೃತಿಯು ಇದೇ ವಿಷಯದಲ್ಲಿ ಇನ್ನೊಂದು ನಿಯಮವನ್ನು ಹೇಳುತ್ತದೆ: ಶಿಲ್ಪವು ಬೇಗನೆ ಕೈಗೆ ಬಂದರೂ ಅಂತೇವಾಸಿಯು ಗೊತ್ತಾದ ಕಾಲವು ಮುಗಿಯುವವರೆಗೆ ಗುರುಗೃಹದಲ್ಲೇ ಇದ್ದು, ಗುರು ಕೊಟ್ಟ ಅನ್ನವನ್ನುಂಡು, ತನ್ನ ಕೆಲಸದ ಫಲವನ್ನು ಅವನಿಗೇ ಒಪ್ಪಿಸಬೇಕು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಈ ಭಾಗವನ್ನು ವ್ಯಾಖ್ಯಾನಿಸಿದ್ದಾನೆ.

ಈ ನಿಯಮಗಳು ಉದಾರವಾದುವು, ನ್ಯಾಯವಾದುವು. ಶಿಷ್ಯನನ್ನು ಮನೆಯ ಚಾಕರಿಗೆ ಹಚ್ಚಬಾರದೆಂಬುದೊಂದೇ ಸಾಕು, ಸ್ಮೃತಿಕಾರರು ಲೋಕವನ್ನು ಬಲ್ಲವರೆಂದು ತೋರಿಸುವುದಕ್ಕೆ. ಆದರೂ ಇವುಗಳಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಇಲ್ಲಿ ಅಳತೆಯಾಗಿರುವುದು ಕಾಲ. ಎಷ್ಟು ವರ್ಷ ಇರಬೇಕು, ಬಿಟ್ಟುಹೋದರೆ ಏನು, ಬೇಗ ಕಲಿತರೆ ಏನು ಎಂಬುದೆಲ್ಲ ನಿಶ್ಚಯವಾಗಿದೆ; ಯಾವ ಕ್ರಮದಲ್ಲಿ ಕಲಿಸಬೇಕೆಂಬ ಮಾತು ಇಲ್ಲ. ಅಷ್ಟೇ ಅಲ್ಲದೆ, ಬೇಗ ಕಲಿತ ಶಿಷ್ಯನ ದುಡಿಮೆಯು ಅವಧಿ ತೀರುವವರೆಗೆ ಗುರುವಿಗೇ ಸಲ್ಲುವುದರಿಂದ, ಕಲಿಕೆಯ ಗೊತ್ತಾದ ಕಾಲವನ್ನು ಕಡಮೆಮಾಡಬೇಕೆಂಬ ಆತುರವು ಗುರುವಿಗೆ ಹುಟ್ಟಲು ಕಾರಣವಿರಲಿಲ್ಲ.

ಯುರೋಪಿನ ಸ್ಥಿತಿಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಎಲಿಜಬೆತ್ ರಾಣಿಯ ಕಾಲದ ೧೫೬೩ರ ಕಾಯಿದೆಯು ಕಸಬು ಕಲಿಯುವವನು ಏಳು ವರ್ಷ ಯಜಮಾನನ ಬಳಿ ಇರತಕ್ಕದ್ದೆಂದು ವಿಧಿಸಿತು. ಈ ವಿಧಿಯು ೧೮೧೪ರಲ್ಲಿ ರದ್ದಾಗುವವರೆಗೆ, ಸುಮಾರು ಎರಡೂವರೆ ಶತಮಾನ, ಆ ದೇಶದ ಶಾಸನಪುಸ್ತಕದಲ್ಲಿತ್ತು. ಇದನ್ನು ಬಲವಾಗಿ ಖಂಡಿಸಿದವನು ಅರ್ಥಶಾಸ್ತ್ರಜ್ಞನಾದ ಆಡಂ ಸ್ಮಿತ್. ೧೭೭೬ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ ಅವನು ದೀರ್ಘವಾದ ಶಿಷ್ಯವೃತ್ತಿಯು ಅನಾವಶ್ಯಕವೆಂದು ವಾದಿಸಿದನು. ಗಡಿಯಾರವನ್ನು ಕಂಡುಹಿಡಿದುದು ದೊಡ್ಡ ಬುದ್ಧಿಯ ಕೆಲಸವಾದರೂ, ಒಮ್ಮೆ ಕಂಡುಹಿಡಿದ ಮೇಲೆ ಅದನ್ನು ಮಾಡುವ ರೀತಿಯನ್ನು ಒಬ್ಬ ತರುಣನಿಗೆ ಕೆಲವು ವಾರಗಳಲ್ಲಿ ವಿವರಿಸಬಹುದು. ಕೈಯ ಚುರುಕು ಮಾತ್ರ ಅಭ್ಯಾಸದಿಂದ ಬರತಕ್ಕದ್ದು ಎಂಬುದು ಅವನ ಮತ.

ಸ್ಮಿತ್ತನ ವಾದದಲ್ಲಿ ಸತ್ಯವಿದ್ದರೂ ಒಂದು ಕೊರತೆಯಿತ್ತು. ಕೆಲವು ವಾರಗಳಲ್ಲಿ ವಿವರಿಸಬಹುದು, ದಿಟ, ವಿವರಿಸತಕ್ಕವರು ಯಾರು? ಇದಕ್ಕೆ ಕಾಲು ಶತಮಾನ ಹಿಂದೆಯೇ ಫ್ರಾನ್ಸಿನ ದಿದರೋ ಈ ತೊಡಕನ್ನು ಕಣ್ಣಾರೆ ಕಂಡಿದ್ದನು. ತನ್ನ ವಿಶ್ವಕೋಶದಲ್ಲಿ ಸಮಸ್ತ ಕಸಬುಗಳ ವರ್ಣನೆಯನ್ನೂ ಸೇರಿಸಬೇಕೆಂದು ಹೊರಟ ಅವನು ಪ್ಯಾರಿಸ್ ನಗರದ ಕರ್ಮಶಾಲೆಗಳನ್ನು ಹೊಕ್ಕು ಕುಶಲರನ್ನು ಪ್ರಶ್ನಿಸಿದನು. ೧೭೫೦ರ ತನ್ನ ಪ್ರಸ್ತಾವನಾಪತ್ರಿಕೆಯಲ್ಲಿ ಅವನು ಹೇಳಿಕೊಂಡಿರುವಂತೆ, ತಮ್ಮ ಕೆಲಸವನ್ನು ಸ್ಪಷ್ಟವಾಗಿ ಮಾತಿನಲ್ಲಿ ತಿಳಿಸಬಲ್ಲವರು ಸಾವಿರದಲ್ಲಿ ಒಂದು ಡಜನು ಸಿಕ್ಕುವುದೂ ಕಷ್ಟವಾಗಿತ್ತು. ಕೈ ಬಲ್ಲದ್ದನ್ನು ಬಾಯಿ ಅರಿಯದು. ಇದು ಕುಶಲನ ದಡ್ಡತನವಲ್ಲ. ಕುಶಲತೆಯ ಸ್ವಭಾವವೇ ಹೀಗೆ. ಅಭ್ಯಾಸವು ಬಲಿತಷ್ಟೂ ಕೆಲಸದ ವಿವರಗಳು ಮನಸ್ಸಿನಿಂದ ಇಳಿದು ಬೆರಳುಗಳನ್ನು ಸೇರುತ್ತವೆ. ಬಹಳ ಬಲ್ಲವನು ಹೊಸಬನಿಗೆ ಏನನ್ನು ಹೇಳಬೇಕೋ ಅದನ್ನೇ ಹೇಳಲು ಮರೆಯುತ್ತಾನೆ, ಏಕೆಂದರೆ ಅದು ಹೇಳಬೇಕಾದ ವಿಷಯವೆಂದು ಅವನಿಗೆ ತೋರುವುದೇ ಇಲ್ಲ.

೩

ಈ ತೊಡಕನ್ನು ಬಿಡಿಸುವ ಪ್ರಯತ್ನಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ದಿಕ್ಕುಗಳಿಂದ ಬಂದುವು. ಒಂದು, ಮಾಸ್ಕೋ ನಗರದ ಇಂಪೀರಿಯಲ್ ತಾಂತ್ರಿಕ ವಿದ್ಯಾಶಾಲೆಯಿಂದ. ಅಲ್ಲಿನ ಅಧ್ಯಕ್ಷನಾದ ವಿಕ್ಟರ್ ಡೆಲ್ಲಾ ವೋಸ್ ಎಂಬವನು ೧೮೬೮ರಲ್ಲಿ ಬಡಗಿತನ, ಚರಕಿಯ ಕೆಲಸ, ಕಮ್ಮಾರಿಕೆ ಮುಂತಾದ ಪ್ರತಿಯೊಂದು ಕಸಬನ್ನೂ ಅದರ ಮೂಲಕ್ರಿಯೆಗಳಾಗಿ ಬಿಡಿಸಿ, ಸುಲಭವಾದುದರಿಂದ ಕಠಿನವಾದುದಕ್ಕೆ ಏರುವಂತೆ ಜೋಡಿಸಿ ಕಲಿಸುವ ಪದ್ಧತಿಯನ್ನು ಆರಂಭಿಸಿದನು. ವ್ಯಾಕರಣವು ವಾಕ್ಯವನ್ನು ಪದಗಳಾಗಿಯೂ ಪದವನ್ನು ಪ್ರಕೃತಿಪ್ರತ್ಯಯಗಳಾಗಿಯೂ ಬಿಡಿಸುವಂತೆ ಇದು ಕೆಲಸವನ್ನು ಬಿಡಿಸಿತು. ೧೮೭೬ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾ ನಗರದಲ್ಲಿ ನಡೆದ ಶತಮಾನೋತ್ಸವ ಪ್ರದರ್ಶನದಲ್ಲಿ ಈ ಪದ್ಧತಿಯ ಮಾದರಿಗಳು ಪ್ರದರ್ಶಿತವಾಗಿ, ಆ ದೇಶದ ಶಿಕ್ಷಣಜ್ಞರ ಕಣ್ಣನ್ನು ಸೆಳೆದುವು. ಆದರೆ ಇದು ಕಸಬನ್ನು ಕರ್ಮಶಾಲೆಯಿಂದ ಪಾಠಶಾಲೆಗೆ ತಂದಿತೇ ಹೊರತು, ಕರ್ಮಶಾಲೆಯೊಳಗೆ ಕಲಿಸುವವನನ್ನು ತಿದ್ದಲಿಲ್ಲ.

ಎರಡನೆಯ ಪ್ರಯತ್ನವು ಜರ್ಮನಿಯ ತತ್ತ್ವಜ್ಞಾನಿಯಾದ ಹರ್ಬಾರ್ಟನಿಂದ ಬಂದಿತು. ೧೭೭೬ರಿಂದ ೧೮೪೧ರವರೆಗೆ ಬಾಳಿದ ಈತನು ಪಾಠಕ್ಕೆ ಮನಸ್ಸಿನ ಗತಿಯನ್ನನುಸರಿಸಿದ ಮೆಟ್ಟಲುಗಳಿರಬೇಕೆಂದು ಪ್ರತಿಪಾದಿಸಿದನು. ಅವನ ಅನುಯಾಯಿಗಳು ಅವನ್ನು ವಿಸ್ತರಿಸಿ, ಸಿದ್ಧತೆ, ನಿರೂಪಣೆ, ಸಂಯೋಜನೆ, ಸಾಮಾನ್ಯೀಕರಣ, ಪ್ರಯೋಗ ಎಂಬ ಐದು ಮೆಟ್ಟಲುಗಳನ್ನು ಮಾಡಿದರು. ಉಪಾಧ್ಯಾಯರ ತರಬೇತಿಶಾಲೆಗಳಲ್ಲಿ ಕಲಿತವರಿಗೆಲ್ಲ ಈ ಹೆಸರುಗಳು ಪರಿಚಿತವೇ. ಇದು ಪಾಠಶಾಲೆಯ ಗುರುವನ್ನು ತಿದ್ದಿತು. ಆದರೆ ಮೇಸ್ತ್ರಿಯ ಕಿವಿಗೆ ಬೀಳಲಿಲ್ಲ. ಕೆಲಸವನ್ನು ಬಿಡಿಸುವ ಮಾಸ್ಕೋವಿನ ಕ್ರಮವನ್ನೂ ಪಾಠವನ್ನು ಜೋಡಿಸುವ ಹರ್ಬಾರ್ಟನ ಕ್ರಮವನ್ನೂ ಹೋಲುವ ಎರಡು ತತ್ತ್ವಗಳು ಒಂದಾಗಿ, ದುಡಿಮೆಯ ಸ್ಥಳದಲ್ಲೇ ನೆಲೆಗೊಂಡುದು ೧೯೧೭ರಲ್ಲಿ.

ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಅಮೆರಿಕೆಯು ಮೊದಲನೆಯ ಮಹಾಯುದ್ಧವನ್ನು ಪ್ರವೇಶಿಸಿತು. ಸೈನ್ಯವನ್ನೂ ಸಾಮಗ್ರಿಯನ್ನೂ ಅಟ್ಲಾಂಟಿಕ್ ಸಮುದ್ರದ ಆಚೆಗೆ ಒಯ್ಯಲು ಹಡಗುಗಳು ಬೇಕಾದುವು. ಅವನ್ನು ಕಟ್ಟಿಸುವುದಕ್ಕಾಗಿ ಏರ್ಪಟ್ಟ ಎಮರ್ಜೆನ್ಸಿ ಫ್ಲೀಟ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆಗೆ ಆಗ ಇದ್ದುದರ ಹತ್ತು ಪಟ್ಟು ಕೆಲಸಗಾರರು ಬೇಕೆಂದು ತೋರಿತು. ಹಡಗು ಕಟ್ಟುವ ಕಸಬುಗಳನ್ನು ಬಲ್ಲವರು ಅಷ್ಟು ಮಂದಿ ದೇಶದಲ್ಲೇ ಇರಲಿಲ್ಲ. ಈ ಶಿಕ್ಷಣಕಾರ್ಯಕ್ಕೆ ನಿಯುಕ್ತನಾದವನು ಮಸಾಚುಸೆಟ್ಸ್ ಸಂಸ್ಥಾನದ ಔದ್ಯೋಗಿಕ ಶಿಕ್ಷಣದಲ್ಲಿ ಪಳಗಿದ್ದ ಚಾರ್ಲ್ಸ್ ಆರ್. ಆಲನ್.

ಆಲನ್ನನ ಮುಂದೆ ಎರಡು ದಾರಿಗಳಿದ್ದುವು. ಕಲಿಸಬಲ್ಲ ಉಪಾಧ್ಯಾಯರನ್ನು ತಂದು ಅವರಿಗೆ ಹಡಗಿನ ಕೆಲಸವನ್ನು ಕಲಿಸುವುದು ಒಂದು. ಹಡಗಿನ ಕೆಲಸವನ್ನು ಬಲ್ಲವರನ್ನು ಆರಿಸಿ ಅವರಿಗೆ ಕಲಿಸುವ ಕ್ರಮವನ್ನು ಕಲಿಸುವುದು ಇನ್ನೊಂದು. ಅವನು ಎರಡನೆಯದನ್ನು ಹಿಡಿದನು. ವರ್ಜೀನಿಯಾ ಸಂಸ್ಥಾನದ ನ್ಯೂಪೋರ್ಟ್ ನ್ಯೂಸ್ ಹಡಗುಕಟ್ಟೆಯೇ ಮೊದಲಾದ ಕಡೆಗಳಲ್ಲಿ ನುರಿತ ಕೆಲಸಗಾರರನ್ನು ಕೂಡಿಸಿ, ಅವರನ್ನು ಬೋಧಕರನ್ನಾಗಿ ತಿದ್ದುವ ತರಗತಿಗಳು ನಡೆದುವು. ಅವರಿಗೆ ಕೊಟ್ಟ ಸೂತ್ರದಲ್ಲಿ ಮೆಟ್ಟಲುಗಳು ನಾಲ್ಕೇ: ಸಿದ್ಧತೆ, ನಿರೂಪಣೆ, ಪ್ರಯೋಗ, ಪರೀಕ್ಷೆ. ಹರ್ಬಾರ್ಟನ ಪರಂಪರೆಗೂ ಇದಕ್ಕೂ ಇರುವ ಸಂಬಂಧವು ಹೆಸರುಗಳಿಂದಲೇ ಗೊತ್ತಾಗುತ್ತದೆ. ಸಂಯೋಜನೆ ಸಾಮಾನ್ಯೀಕರಣಗಳೆಂಬ ತಾರ್ಕಿಕ ಮೆಟ್ಟಲುಗಳು ಬಿದ್ದುಹೋಗಿ, ಕಲಿತವನು ನಿಜವಾಗಿಯೂ ಕಲಿತನೇ ಎಂಬ ಪರೀಕ್ಷೆಯು ಕೊನೆಯಲ್ಲಿ ಬಂದು ನಿಂತಿತು. ೧೯೧೯ರಲ್ಲಿ ಆಲನ್ ತನ್ನ ಅನುಭವವನ್ನು ಒಂದು ಗ್ರಂಥವಾಗಿ ಬರೆದು ಪ್ರಕಟಿಸಿದನು. ಅದರ ಹೆಸರಿನಲ್ಲೇ ಬೋಧಕ, ಮನುಷ್ಯ, ಕೆಲಸ ಎಂಬ ಮೂರು ಪದಗಳು ಜೊತೆಗೂಡಿವೆ. ಕೆಲಸವನ್ನು ಬಲ್ಲುದು ಒಂದು ಕಸಬು, ಅದನ್ನು ಕಲಿಸುವುದು ಮತ್ತೊಂದು ಕಸಬು ಎಂಬುದೇ ಅದರ ಸಾರ.

೪

ಯುದ್ಧವು ಮುಗಿದ ಮೇಲೆ ಅವಸರವೂ ಮುಗಿಯಿತು. ಕಾರ್ಖಾನೆಗಳು ಬಹುಮಟ್ಟಿಗೆ ಹಳೆಯ ರೂಢಿಗೇ ಮರಳಿದುವು. ಇಪ್ಪತ್ತು ವರ್ಷಗಳಾದ ಮೇಲೆ ಅದೇ ಅವಸರವು ಮತ್ತೆ ಬಂದಿತು. ೧೯೪೦ರ ಆಗಸ್ಟಿನಲ್ಲಿ, ಅಮೆರಿಕೆಯು ಇನ್ನೂ ಎರಡನೆಯ ಮಹಾಯುದ್ಧಕ್ಕೆ ಇಳಿಯದಿದ್ದಾಗಲೇ, ರಾಷ್ಟ್ರರಕ್ಷಣೆಯ ಸಲಹಾಮಂಡಲಿಯು ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಶಾಖೆಯನ್ನು ಸ್ಥಾಪಿಸಿತು. ಉದ್ಯಮದೊಳಗಣ ಶಿಕ್ಷಣವೆಂದು ಅದರ ಅರ್ಥ. ಇದರ ನಿರ್ದೇಶಕನು ಎಣ್ಣೆಯ ಉದ್ಯಮದಿಂದ ಬಂದ ಚ್ಯಾನಿಂಗ್ ಡೂಲಿ. ಅವನ ಬಲಗೈ, ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ವಾಲ್ಟರ್ ಡೀಟ್ಸ್.

ಅವರ ಮುಂದೆ ಬಂದ ಮೊದಲ ಸಮಸ್ಯೆಗಳಲ್ಲಿ ಒಂದು ಮಸೂರಗಳದು. ಗುರಿನೋಡುವ ಯಂತ್ರಗಳಿಗೂ ದೂರದರ್ಶಕಗಳಿಗೂ ಬೇಕಾದ ಗಾಜಿನ ಮಸೂರಗಳನ್ನು ಉಜ್ಜಿ ಅಣಿಮಾಡುವ ಕುಶಲರು ದೇಶದಲ್ಲಿ ಬಹಳ ವಿರಳವಾಗಿದ್ದರು. ಆ ಕಸಬನ್ನು ಪೂರ್ತಿಯಾಗಿ ಕಲಿಯಲು ಐದು ವರ್ಷ ಬೇಕೆಂಬುದು ರೂಢಿಯ ಲೆಕ್ಕ. ಯುದ್ಧವು ಐದು ವರ್ಷ ಕಾಯದು. ಕೆಲಸವನ್ನು ಹತ್ತಿರದಿಂದ ಪರೀಕ್ಷಿಸಿ ನೋಡಿದಾಗ, ಒಬ್ಬ ಕುಶಲನ ಕೈಯಲ್ಲಿ ಒಂದೇ ಕಸಬೆಂದು ಕಾಣುತ್ತಿದ್ದುದು ಹಲವು ಬೇರೆಬೇರೆ ಕೆಲಸಗಳ ಕೂಟವೆಂದೂ, ಅವುಗಳಲ್ಲಿ ಹೆಚ್ಚಿನವಕ್ಕೆ ಮಹಾಕೌಶಲ ಬೇಕಿಲ್ಲವೆಂದೂ ಕಂಡುಬಂದಿತು. ಆ ಕೆಲಸಗಳನ್ನು ಬಿಡಿಸಿ ಹಂಚಿ, ಪ್ರತಿಯೊಂದರಲ್ಲೂ ಕಲಿಯುವವನು ತಡವರಿಸುವ ಮರ್ಮಗಳನ್ನು ಗುರುತಿಸಿ ಕಲಿಸಿದಾಗ, ವರ್ಷಗಳ ಶಿಕ್ಷಣವು ತಿಂಗಳುಗಳಿಗೆ ಇಳಿಯಿತು. ಐದು ವರ್ಷಗಳೆಂಬ ಸಂಖ್ಯೆಯಲ್ಲಿ ಕೆಲಸದ ಕಾಠಿನ್ಯವೆಷ್ಟು, ಕಲಿಸುವ ಅಕ್ರಮವೆಷ್ಟು ಎಂಬ ಸಂಶಯಕ್ಕೆ ಇಲ್ಲಿ ಉತ್ತರ ದೊರೆಯಿತು. ಸ್ಮಿತ್ತನ ಊಹೆಗೆ ನೂರ ಅರುವತ್ತು ವರ್ಷಗಳ ಮೇಲೆ ಸಿಕ್ಕಿದ ಪ್ರಮಾಣವಿದು.

ಈ ಅನುಭವದಿಂದಲೂ ಆಲನ್ನನ ಸೂತ್ರದಿಂದಲೂ ೧೯೪೧ರಲ್ಲಿ ಸಿದ್ಧವಾದುದೇ ‘ಜಾಬ್ ಇನ್‌ಸ್ಟ್ರಕ್ಷನ್’ ಎಂಬ ಪಾಠಕ್ರಮ. ಕೆಲಸ ಕಲಿಸುವ ಕ್ರಮವೆಂದು ಅದನ್ನು ಕರೆಯಬಹುದು. ಒಟ್ಟು ಹತ್ತು ಗಂಟೆಗಳ ಪಾಠ. ಎರಡೆರಡು ಗಂಟೆಗಳ ಐದು ಸಭೆಗಳು. ಒಂದು ಸಭೆಯಲ್ಲಿ ಸುಮಾರು ಹತ್ತು ಮಂದಿ ಮೇಸ್ತ್ರಿಗಳು. ಕಲಿಸತಕ್ಕ ತತ್ತ್ವವೆಲ್ಲವೂ ಜೇಬಿನಲ್ಲಿಟ್ಟುಕೊಳ್ಳುವ ಒಂದು ಚಿಕ್ಕ ಕಾರ್ಡಿನ ಎರಡು ಮುಖಗಳಲ್ಲಿ ಅಡಗಿತ್ತು. ಸೂತ್ರವನ್ನು ಅಲ್ಪಾಕ್ಷರವಾಗಿಯೂ ಅಸಂದಿಗ್ಧವಾಗಿಯೂ ರಚಿಸಬೇಕೆಂಬ ವೈಯಾಕರಣರ ನಿಯಮವನ್ನು ಬಲ್ಲವರು ಈ ಕಾರ್ಡನ್ನು ನೋಡಿ ಮೆಚ್ಚದಿರಲಾರರು.

ಮೊದಲನೆಯ ಸಭೆಯ ಪ್ರಯೋಗವು ಬಹು ಸ್ವಾರಸ್ಯವಾದುದು. ವಿದ್ಯುದ್ದೀಪದ ತಂತಿಯು ಜಗ್ಗಿದಾಗ ಕೂಡಿಕೆಯು ಕಿತ್ತುಬರದಂತೆ ಅದರ ಎರಡು ಎಳೆಗಳಿಗೆ ಹಾಕುವ ಒಂದು ವಿಶೇಷವಾದ ಗಂಟಿದೆ. ಬೆಂಕಿವಿಮೆಗಾರರ ಗಂಟೆಂದು ಅದಕ್ಕೆ ಹೆಸರು. ಬೋಧಕನು ಒಬ್ಬನನ್ನು ಕರೆದು ಆ ಗಂಟನ್ನು ಹಾಕುವ ರೀತಿಯನ್ನು ಬರಿಯ ಮಾತಿನಲ್ಲಿ ಹೇಳುತ್ತಾನೆ. ಕೇಳಿದವನಿಗೆ ಗಂಟು ಬರುವುದಿಲ್ಲ. ಇನ್ನೊಬ್ಬನನ್ನು ಕರೆದು, ಮಾತಿಲ್ಲದೆ, ಗಂಟನ್ನು ಹಾಕಿ ತೋರಿಸುತ್ತಾನೆ. ಅವನಿಗೂ ಬರುವುದಿಲ್ಲ. ಬಳಿಕ ಮೂರನೆಯವನಿಗೆ ಕ್ರಮಬದ್ಧವಾಗಿ, ಹೇಳುತ್ತ ತೋರಿಸುತ್ತ, ಒಂದೊಂದು ಹೆಜ್ಜೆಯ ಮರ್ಮವನ್ನು ಒತ್ತಿ ಕಲಿಸುತ್ತಾನೆ. ಅವನು ಗಂಟು ಹಾಕುತ್ತಾನೆ. ಸೋತ ಇಬ್ಬರೂ ಬುದ್ಧಿಯಿಲ್ಲದವರಲ್ಲ, ಗೆದ್ದವನು ವಿಶೇಷ ಪ್ರತಿಭಾಶಾಲಿಯಲ್ಲ ಎಂಬುದು ಕುಳಿತವರಿಗೆಲ್ಲ ಗೊತ್ತು. ಆದ್ದರಿಂದ ಕೊರತೆಯು ಎಲ್ಲಿತ್ತೆಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ತಮ್ಮ ಕೈಕೆಳಗಿನವರನ್ನು ದಡ್ಡರೆಂದು ಅದುವರೆಗೆ ಬೈದುಕೊಂಡು ಬಂದಿದ್ದ ಮೇಸ್ತ್ರಿಗಳ ಪಾಲಿಗೆ ಅದೊಂದು ಸಣ್ಣ ಪ್ರಾಯಶ್ಚಿತ್ತದಂತಿತ್ತು.

ಕಾರ್ಡಿನ ಒಂದು ಮುಖದಲ್ಲಿ ಕಲಿಸುವ ಮುನ್ನ ಮಾಡಬೇಕಾದ ಸಿದ್ಧತೆಗಳಿದ್ದುವು: ಯಾರು ಯಾವ ಕೆಲಸವನ್ನು ಎಂದಿಗೆ ಕಲಿಯಬೇಕೆಂಬ ಪಟ್ಟಿಯನ್ನು ಮಾಡುವುದು, ಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಬರೆದುಕೊಳ್ಳುವುದು, ಸಾಮಗ್ರಿಗಳನ್ನು ಸಿದ್ಧವಾಗಿಡುವುದು, ಸ್ಥಳವನ್ನು ಮುಂದೆ ಹೇಗಿರಬೇಕೋ ಹಾಗೆಯೇ ಅಣಿಗೊಳಿಸುವುದು. ಇವುಗಳಲ್ಲಿ ಎರಡನೆಯದೇ ಪ್ರಾಣಸ್ವರೂಪವಾದುದು. ಪ್ರತಿಯೊಂದು ಹೆಜ್ಜೆಯಲ್ಲೂ ಮರ್ಮಸ್ಥಾನವನ್ನು ಹುಡುಕಲು ಮೂರು ಪ್ರಶ್ನೆಗಳನ್ನು ಕೊಟ್ಟಿದ್ದರು. ಯಾವುದು ತಪ್ಪಿದರೆ ಕೆಲಸವೇ ಕೆಡುತ್ತದೆ? ಯಾವುದು ತಪ್ಪಿದರೆ ಕೆಲಸಗಾರನಿಗೆ ಗಾಯವಾಗುತ್ತದೆ? ಯಾವ ಕೈಚಳಕದಿಂದ ಕೆಲಸವು ಸುಲಭವಾಗುತ್ತದೆ? ದಿದರೋ ಕಂಡ ಮೂಕ ಕುಶಲನಿಗೆ ಬಾಯಿ ಬರಿಸಿದುವು ಈ ಮೂರು ಪ್ರಶ್ನೆಗಳು. ನಿನ್ನ ವಿದ್ಯೆಯನ್ನು ವಿವರಿಸು ಎಂದರೆ ಅವನು ತಬ್ಬಿಬ್ಬಾಗುವನು. ಈ ಹೆಜ್ಜೆಯಲ್ಲಿ ಏನು ಕೆಡಬಹುದೆಂದು ಕೇಳಿದರೆ ಒಡನೆಯೇ ಹೇಳಬಲ್ಲನು.

ಕಾರ್ಡಿನ ಮತ್ತೊಂದು ಮುಖದಲ್ಲಿ ನಾಲ್ಕು ಮೆಟ್ಟಲುಗಳು. ಮೊದಲನೆಯದರಲ್ಲಿ ಕಲಿಯುವವನ ಅಂಜಿಕೆಯನ್ನು ಬಿಡಿಸಿ, ಅವನು ಏನನ್ನು ಬಲ್ಲನೆಂದು ತಿಳಿದು, ಕೆಲಸದಲ್ಲಿ ಆಸಕ್ತಿಯನ್ನು ಹುಟ್ಟಿಸಿ, ಸರಿಯಾದ ಜಾಗದಲ್ಲಿ ನಿಲ್ಲಿಸಬೇಕು. ಎರಡನೆಯದರಲ್ಲಿ ಒಂದು ಸಲಕ್ಕೆ ಒಂದೇ ಹೆಜ್ಜೆಯಂತೆ ಹೇಳಿ ತೋರಿಸಿ, ಮರ್ಮವನ್ನು ಒತ್ತಿಹೇಳಬೇಕು. ಅವನು ಹಿಡಿಯಬಲ್ಲುದಕ್ಕಿಂತ ಹೆಚ್ಚನ್ನು ಹೇರಕೂಡದು. ಮೂರನೆಯದರಲ್ಲಿ ಅವನಿಂದಲೇ ಕೆಲಸವನ್ನು ಮಾಡಿಸಿ, ತಪ್ಪನ್ನು ಆಗಲೇ ತಿದ್ದಿ, ಮತ್ತೆ ಮಾಡುವಾಗ ಮರ್ಮಗಳನ್ನು ಅವನ ಬಾಯಿಂದಲೇ ಹೇಳಿಸಬೇಕು. ಅವನಿಗೆ ತಿಳಿದಿದೆಯೆಂಬುದು ಬೋಧಕನಿಗೆ ತಿಳಿಯುವವರೆಗೆ ಬಿಡಕೂಡದು. ನಾಲ್ಕನೆಯದರಲ್ಲಿ ಅವನನ್ನು ಸ್ವತಂತ್ರವಾಗಿ ಬಿಟ್ಟು, ಸಂಶಯ ಬಂದರೆ ಯಾರನ್ನು ಕೇಳಬೇಕೆಂದು ತಿಳಿಸಿ, ಆಗಾಗ ಬಂದು ನೋಡಿ, ಕ್ರಮವಾಗಿ ಆ ನೋಟವನ್ನು ವಿರಳಮಾಡಬೇಕು. ಇಡೀ ಕಾರ್ಡಿನ ಮುಕುಟದಂತೆ ಇದ್ದುದು ಒಂದು ನಿರ್ಣಯ: ಕೆಲಸಗಾರನು ಕಲಿಯದಿದ್ದರೆ ಬೋಧಕನು ಕಲಿಸಲಿಲ್ಲವೆಂದೇ ಅರ್ಥ.

೫

ಇಂಥ ಕ್ರಮವನ್ನು ಒಂದೆರಡು ಊರುಗಳಲ್ಲಿ ನಡೆಸುವುದು ಕಷ್ಟವಲ್ಲ. ಒಂದು ಖಂಡದಷ್ಟು ವಿಸ್ತಾರವಾದ ದೇಶದಲ್ಲಿ ಕೆಡದಂತೆ ಹರಡುವುದು ಕಷ್ಟ. ಡೂಲಿ ಮತ್ತು ಅವನ ಸಂಗಡಿಗರು ಇದಕ್ಕೆ ಗುಣಾಕಾರದ ಉಪಾಯವನ್ನು ಹೂಡಿದರು. ಕೆಲವರು ಬೋಧಕರ ಬೋಧಕರನ್ನು ಸಿದ್ಧಪಡಿಸುವುದು. ಅವರು ಕಾರ್ಖಾನೆಗಳ ಬೋಧಕರನ್ನು, ಆ ಬೋಧಕರು ಮೇಸ್ತ್ರಿಗಳನ್ನು, ಮೇಸ್ತ್ರಿಗಳು ಕೆಲಸಗಾರರನ್ನು ಸಿದ್ಧಪಡಿಸುವುದು. ನಾಲ್ಕು ಬಾಯಿ ದಾಟುವಷ್ಟರಲ್ಲಿ ಮಾತು ಕೆಡಬಾರದೆಂದು ಪಾಠವನ್ನೆಲ್ಲ ಒಂದು ಕೈಪಿಡಿಯಲ್ಲಿ ಬರೆದು, ಬೋಧಕನು ಅದನ್ನು ನೋಡಿಕೊಂಡೇ, ತನ್ನ ಮಾತನ್ನು ಸೇರಿಸದೆ ನಡೆಸಬೇಕೆಂದು ಕಟ್ಟುಮಾಡಿದರು. ವೇದಪಾಠದ ಪದ, ಕ್ರಮ, ಜಟೆಗಳ ಬಿಗಿಯನ್ನು ಬಲ್ಲವರಿಗೆ ಈ ಎಚ್ಚರಿಕೆಯ ಹಿಂದಿನ ಭಯವು ಸುಲಭವಾಗಿ ಅರ್ಥವಾದೀತು.

೧೯೪೨ರಲ್ಲಿ ಕೆಲಸದ ರೀತಿಯನ್ನು ಸುಧಾರಿಸುವ ಪಾಠವೂ, ೧೯೪೩ರಲ್ಲಿ ಜನರೊಡನೆ ನಡೆದುಕೊಳ್ಳುವ ಪಾಠವೂ ಇದರ ಜೊತೆಗೂಡಿದುವು. ೧೯೪೫ರ ಸೆಪ್ಟೆಂಬರಿನಲ್ಲಿ ಈ ಶಾಖೆಯು ಮುಚ್ಚುವ ವೇಳೆಗೆ ಹದಿನಾರು ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ ಒಟ್ಟು ಹದಿನೇಳೂವರೆ ಲಕ್ಷ ಪ್ರಮಾಣಪತ್ರಗಳು ಕೊಡಲ್ಪಟ್ಟಿದ್ದುವು. ಅವುಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕುವು ಕೆಲಸ ಕಲಿಸುವ ಕ್ರಮಕ್ಕೇ ಸಂಬಂಧಪಟ್ಟುವು. ಶಾಖೆಯ ಕೊನೆಯ ವರದಿಯು, ಪರಿಶೀಲಿಸಿದ ಕಾರ್ಖಾನೆಗಳಲ್ಲಿ ನೂರಕ್ಕೆ ೮೬ರಲ್ಲಿ ಉತ್ಪಾದನೆಯು ನೂರಕ್ಕೆ ೨೫ರಷ್ಟಾಗಲಿ ಅದಕ್ಕಿಂತ ಹೆಚ್ಚಾಗಲಿ ಬೆಳೆಯಿತೆಂದು ಹೇಳುತ್ತದೆ. ಈ ಅಂಕಿಗಳು ಕಾರ್ಖಾನೆಯವರೇ ತಿಳಿಸಿದುವು. ಯುದ್ಧಕಾಲದ ಉತ್ಸಾಹ, ಹೊಸ ಯಂತ್ರಗಳು, ಸರ್ಕಾರದ ಹಣ ಇವುಗಳ ಪಾಲನ್ನು ಅವುಗಳಿಂದ ಬೇರ್ಪಡಿಸುವುದು ಸಾಧ್ಯವಿಲ್ಲ. ಆದುದರಿಂದ ಅವನ್ನು ಅಕ್ಷರಶಃ ಪ್ರಮಾಣವೆಂದು ಹಿಡಿಯದೆ, ದಿಕ್ಕನ್ನು ತೋರಿಸುವ ಗುರುತೆಂದು ಎಣಿಸುವುದು ಯುಕ್ತ.

ಯುದ್ಧವು ಮುಗಿಯಿತು. ಸೈನಿಕರು ಮರಳಿ ಬಂದರು, ಸಂಪತ್ತು ಬೆಳೆಯಿತು, ಅಮೆರಿಕೆಯ ಕಾರ್ಖಾನೆಗಳು ಈ ಕ್ರಮವನ್ನು ಎರಡನೆಯ ಸಲ ಮರೆತುವು. ಅದು ಉಳಿದುಕೊಂಡುದು ಸೋತ ದೇಶದಲ್ಲಿ. ಜಪಾನನ್ನು ಅಮೆರಿಕೆಯ ಸೈನ್ಯವು ಆಳುತ್ತಿದ್ದಾಗ, ೧೯೫೧ರಲ್ಲಿ ಓಹೈಯೋ ಸಂಸ್ಥಾನದ ಲೊವೆಲ್ ಮೆಲ್ಲನ್ ಎಂಬವನ ತಂಡವು ಅಲ್ಲಿಗೆ ಹೋಗಿ ಬೋಧಕರನ್ನು ಸಿದ್ಧಪಡಿಸಿತು. ಜಪಾನಿನ ಕಾರ್ಮಿಕ ಇಲಾಖೆಯು ಆ ಕಾರ್ಯವನ್ನು ಮುಂದುವರಿಸಿತು. ೧೯೫೦ರ ದಶಕದ ಆದಿಯಲ್ಲಿ ಟೊಯೋಟಾ ಮೋಟಾರು ಸಂಸ್ಥೆಯು ಈ ಪಾಠಗಳನ್ನು ಸ್ವೀಕರಿಸಿ, ತನ್ನ ಮೇಸ್ತ್ರಿಗಳಿಗೆ ಕಲಿಸಿ, ತನ್ನ ಸಂಪ್ರದಾಯದ ಅಂಗವನ್ನಾಗಿ ಮಾಡಿಕೊಂಡಿತು. ಮುಂದೆ ಜಗತ್ಪ್ರಸಿದ್ಧವಾದ ಆ ಸಂಸ್ಥೆಯ ಉತ್ಪಾದನಕ್ರಮವನ್ನು ನೋಡಿ ಕಲಿಯಲು ಹೋದ ಅಮೆರಿಕನರು, ಅದರ ಬೇರಿನಲ್ಲಿ ತಮ್ಮ ದೇಶದ್ದೇ ಆದ ಹಳೆಯ ಕಾರ್ಡನ್ನು ಕಂಡು ಬೆರಗಾದರು; ಇಪ್ಪತ್ತೊಂದನೆಯ ಶತಮಾನದ ಆದಿಯಲ್ಲಿ ಅದನ್ನು ಮತ್ತೆ ತಮ್ಮ ಕಾರ್ಖಾನೆಗಳಿಗೆ ತಂದುಕೊಂಡರು. ಭಾರತಕ್ಕೆ ಈ ಕ್ರಮವು ೧೯೫೦ರ ದಶಕದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ತಜ್ಞರ ಮೂಲಕ ಬಂದಿತು. ಕರ್ನಾಟಕಕ್ಕೆ ಟೊಯೋಟಾದ ಸಂಪ್ರದಾಯವೇ ನೇರವಾಗಿ ಬಂದುದು ಬಿಡದಿಯಲ್ಲಿ: ಅಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯು ೧೯೯೯ರಲ್ಲಿ ಉತ್ಪಾದನೆಯನ್ನು ಆರಂಭಿಸಿತು, ೨೦೦೭ರಲ್ಲಿ ಅದರ ಆವರಣದಲ್ಲಿ ತಾಂತ್ರಿಕ ಶಿಕ್ಷಣಶಾಲೆಯೊಂದು ತೆರೆಯಿತು.

೬

ಈ ಇತಿಹಾಸದ ಮೇಲೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಕೆಲಸವನ್ನು ಹೀಗೆ ಚೂರುಮಾಡಿ ಕಲಿಸಿದರೆ ಕುಶಲನು ಹುಟ್ಟುವನೇ, ಯಂತ್ರದ ಅಂಗವೊಂದು ಹುಟ್ಟುವುದೇ? ಈ ಆಕ್ಷೇಪದಲ್ಲಿ ಹುರುಳಿದೆ. ಮಸೂರದ ಕಸಬನ್ನು ಬಿಡಿಸಿ ಹಂಚಿದಾಗ, ಒಂದು ತು೦ಡನ್ನು ಮಾತ್ರ ಕಲಿತವನು ಮಸೂರಗಾರನಾಗಲಿಲ್ಲ. ೧೯೧೧ರಲ್ಲಿ ಫ್ರೆಡರಿಕ್ ಟೇಲರ್ ತನ್ನ ಗ್ರಂಥದಲ್ಲಿ ಹೇಳಿದ ವ್ಯವಸ್ಥೆಯು ಕೆಲಸಗಾರರ ತಲೆಯಲ್ಲಿದ್ದ ಅರಿವನ್ನು ಸಂಗ್ರಹಿಸಿ ಕಚೇರಿಯ ನಿಯಮಗಳನ್ನಾಗಿ ಮಾಡುವಂಥದು. ಆದರೆ ಕೆಲಸವನ್ನು ಬಿಡಿಸುವುದು ಬೇರೆ, ಅದನ್ನು ಹಂಚುವುದು ಬೇರೆ ಎಂಬುದನ್ನು ಇಲ್ಲಿ ವಿವೇಚಿಸಬೇಕು. ಬಿಡಿಸಿ ಕಲಿಸಿದ ಭಾಗಗಳನ್ನು ಮತ್ತೆ ಒಬ್ಬನ ಕೈಯಲ್ಲೇ ಕೂಡಿಸಬಹುದು. ಕೂಡಿಸದೆ ಬಿಡುವುದು ಯಜಮಾನನ ಲೆಕ್ಕಾಚಾರದ ದೋಷವೇ ಹೊರತು ಕಲಿಸುವ ಕ್ರಮದ ದೋಷವಲ್ಲ. ಮೇಲಾಗಿ ಈ ಕ್ರಮದಲ್ಲಿ ಕೆಲಸವನ್ನು ಬಿಡಿಸತಕ್ಕವನು ಕಚೇರಿಯ ಎಂಜಿನಿಯರಲ್ಲ, ಕೆಲಸದ ಮುಂದೆ ನಿಂತ ಮೇಸ್ತ್ರಿಯೇ. ತನ್ನ ಕೈಯಲ್ಲಡಗಿದ್ದುದನ್ನು ಅವನು ತಾನೇ ತೆರೆದು ನೋಡಿಕೊಳ್ಳುತ್ತಾನೆ.

ಎರಡನೆಯ ಆಕ್ಷೇಪ: ಕೈಪಿಡಿಯನ್ನು ಹಿಡಿದು ಒಪ್ಪಿಸುವ ಬೋಧಕನು ಗುರುವೆನಿಸುವನೇ? ಗಣದಾಸನಂಥ ಆಚಾರ್ಯನನ್ನು ಹತ್ತು ಗಂಟೆಗಳಲ್ಲಿ ಮಾಡಲಾಗದೆಂಬುದು ಸತ್ಯ. ಆದರೆ ಡೂಲಿಯ ಗುಂಪು ಗಣದಾಸರನ್ನು ಮಾಡಹೊರಡಲಿಲ್ಲ. ಪ್ರತಿಭೆಯು ದೈವದತ್ತವೆಂದು ಒಪ್ಪಿದರೂ, ಪ್ರತಿಭೆಯಿಲ್ಲದ ಮೇಸ್ತ್ರಿಯು ಮಾಡುವ ಹಾನಿಯನ್ನು ತಡೆಯುವುದು ಸಾಧ್ಯವೆಂಬುದಷ್ಟೇ ಅವರ ಪಕ್ಷ. ಕಾವ್ಯಲಕ್ಷಣವನ್ನು ಓದಿದವರೆಲ್ಲ ಕವಿಗಳಾಗುವುದಿಲ್ಲ. ಆದರೆ ಛಂದಸ್ಸನ್ನು ಕಲಿತವನು ಗಣವನ್ನು ತಪ್ಪಿಸುವುದಿಲ್ಲ.

ಎರಡು ಸಲ ಹುಟ್ಟಿ ಎರಡು ಸಲ ಮರೆತುಹೋದ ಈ ಕ್ರಮದ ಕಥೆಯಿಂದ ತಿಳಿಯತಕ್ಕ ಮುಖ್ಯಾಂಶವಿದು. ಕಾಲವನ್ನು ಅಳತೆಯಾಗಿಟ್ಟುಕೊಂಡ ಹಳೆಯ ವ್ಯವಸ್ಥೆಯಲ್ಲಿ ಕಲಿಯದಿದ್ದುದು ಶಿಷ್ಯನ ತಪ್ಪು. ಕ್ರಮವನ್ನು ಅಳತೆಯಾಗಿಟ್ಟುಕೊಂಡ ಹೊಸ ವ್ಯವಸ್ಥೆಯಲ್ಲಿ ಅದು ಗುರುವಿನ ತಪ್ಪು. ಹೊರೆಯು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ದಾಟಿತು. ಈ ಹೊರೆಯನ್ನು ಯಾರೂ ಸಂತೋಷದಿಂದ ಹೊರುವುದಿಲ್ಲ. ಆದುದರಿಂದಲೇ ಅವಸರವು ತೀರಿದೊಡನೆ ಅದನ್ನು ಕೆಳಗಿಳಿಸಿ, ಶಿಷ್ಯನು ಮಂದನೆಂಬ ಹಳೆಯ ಮಾತಿಗೆ ಜನರು ಮರಳಿದರು. ಜಪಾನಿನವರು ಅದನ್ನು ಇಳಿಸದೆ ಹೊತ್ತರು. ಕಾರ್ಖಾನೆಯ ಮೇಸ್ತ್ರಿಗೆ ಹತ್ತು ಗಂಟೆಗಳಲ್ಲಿ ಮನಗಾಣಿಸಿದ ಈ ನ್ಯಾಯವು ಪಾಠಶಾಲೆಯ ಪೀಠಕ್ಕೆ ಅನ್ವಯಿಸುವುದಿಲ್ಲವೆನ್ನಲು ಕಾರಣವಿಲ್ಲ. ಮಾಲವಿಕೆಯನ್ನು ಆರಿಸಿಕೊಳ್ಳುವ ಭಾಗ್ಯವು ಎಲ್ಲ ಗುರುಗಳಿಗೂ ಇರುವುದಿಲ್ಲ. ಬಂದು ನಿಂತವನು ಯಾರೇ ಆಗಲಿ, ಅವನ ಕೈಯಿಂದ ಗಂಟು ಹಾಕಿಸುವ ಹೊಣೆ ಮಾತ್ರ ಎಲ್ಲರಿಗೂ ಇದೆ.